ಸುಸ್ತಿದಾರ ಯಾರು?



ಸೊಸೈಟಿಯ ಗೋಡೆಗೆ ಹಚ್ಚಿದ ಪಟ್ಟಿಯಲ್ಲಿ ತನ್ನ ಹೆಸರನ್ನೋ ತನ್ನ ಅಪ್ಪನ ಹೆಸರನ್ನೋ ಕಂಡು ತಲೆ ತಗ್ಗಿಸಿಕೊಂಡು ಮನೆಗೆ ಬಂದವರು ನಮ್ಮಲ್ಲಿ ಎಷ್ಟು ಜನ ಇಲ್ಲ? 'ಸುಸ್ತಿದಾರ' ಅನ್ನುವ ಆ ಪದಕ್ಕೆ ಬ್ಯಾಂಕಿನವರು 'ಡಿಫಾಲ್ಟರ್' ಅಂತಾರೆ. ಮಳೆ ಕೈಕೊಟ್ಟಿದ್ದು, ಟೊಮೆಟೊ ಬೆಲೆ ಬಿದ್ದಿದ್ದು, ಬೋರ್‌ವೆಲ್ ಬತ್ತಿದ್ದು ಇದ್ಯಾವುದೂ ಆ ಪದದೊಳಗೆ ಕಾಣುವುದಿಲ್ಲ. ಕೊಟ್ಟ ಮಾತು ತಪ್ಪಿದವನು, ಅಷ್ಟೆ.

ಇದೇ ಪದ ಬಹಳ ವರ್ಷ ಇನ್ನೊಂದು ರಿಜಿಸ್ಟರಿನಲ್ಲೂ ಇತ್ತು. ಕ್ಷಯದ ಮಾತ್ರೆಯನ್ನು ನಡುವೆ ಬಿಟ್ಟವನ ಹೆಸರಿನ ಮುಂದೆ ಆಸ್ಪತ್ರೆಯವರೂ 'ಡಿಫಾಲ್ಟರ್' ಎಂದೇ ಬರೆಯುತ್ತಿದ್ದರು. ಆ ಪದದಲ್ಲಿ ರೋಗಿಯ ಮೇಲೆ ತಪ್ಪು ಹೊರಿಸುವ ವಾಸನೆಯಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯವರಿಗೆ ಕೊನೆಗೂ ಅನ್ನಿಸಿ, 2013ರಲ್ಲಿ ಅದನ್ನು ಕೈಬಿಟ್ಟು 'ಸಂಪರ್ಕ ತಪ್ಪಿದವರು' ಎಂಬರ್ಥದ ಮಾತನ್ನು ತಂದರು. ಬ್ಯಾಂಕಿನವರಿಗೆ ಆ ಬುದ್ಧಿ ಇನ್ನೂ ಬಂದಿಲ್ಲ, ಅದು ಬೇರೆ ಮಾತು.

ಬೆಲೆ ಮತ್ತು ಸಾಲದ ವಿಚಾರ ಬರೆಯುವ ಪತ್ರಿಕೆಯಲ್ಲಿ ಈ ತಿಂಗಳು ಮಾತ್ರೆಯ ವಿಚಾರ ಯಾಕೆ ಅಂತ ನೀವು ಕೇಳಬಹುದು. ನಿಮ್ಮೂರಲ್ಲಿ ಜಮೀನು ಮಾರಿದ ಮನೆಗಳನ್ನು ಬೆರಳು ಮಡಿಸಿ ಎಣಿಸಿ ನೋಡಿ. ಮಗಳ ಮದುವೆಗೆ ಎಷ್ಟು, ಬೋರ್‌ವೆಲ್ಲಿಗೆ ಎಷ್ಟು, ಆಸ್ಪತ್ರೆಗೆ ಎಷ್ಟು? ಉತ್ತರ ನಿಮಗೇ ಗೊತ್ತಿದೆ.

ನಮ್ಮ ಮನೆಯದೇ ಹೇಳುತ್ತೇನೆ. ನಮ್ಮ ದೊಡ್ಡಪ್ಪನವರಿಗೆ ರಕ್ತದೊತ್ತಡ ಇತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಕೊಡುತ್ತಿದ್ದರು. ಆದರೆ ಒಂದು ಸಾರಿಗೆ ಹತ್ತು ದಿನದ್ದು. ಹತ್ತು ದಿನಕ್ಕೊಮ್ಮೆ ಅರ್ಧ ದಿನ ಆಸ್ಪತ್ರೆಯ ಬೆಂಚಿಗೆ. ಬೇಸಿಗೆಯಲ್ಲಿ ಹೇಗೋ ಹೋದರು, ಬಂದರು. ರಾಗಿ ಕೊಯ್ಲು ಬಂತು, ಮೆದೆ ಹಾಕಬೇಕು, ಕಣ ಮಾಡಬೇಕು, ಆಳು ಸಿಗದ ಕಾಲ. ಒಂದು ಸಾರಿ ತಪ್ಪಿತು. ಮೈ ಚೆನ್ನಾಗೇ ಇತ್ತು, ತಲೆಸುತ್ತೂ ಇಲ್ಲ. ಎರಡನೇ ಸಾರಿಯೂ ತಪ್ಪಿತು. 'ಏನೂ ಆಗಿಲ್ವಲ್ಲ, ಮಾತ್ರೆ ಯಾಕೆ' ಅಂದರು. ಮುಂದಿನ ಸುಗ್ಗಿಯ ಹೊತ್ತಿಗೆ ಕಣದಲ್ಲೇ ಕುಸಿದರು. ಬಲಗೈ ಬಲಗಾಲು ಬಿದ್ದುಹೋಯಿತು. ನಗರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು, ಅದರ ಹೆಸರು ಇಲ್ಲಿ ಬೇಡ. ರಸ್ತೆ ಬದಿಯ ಹನ್ನೆರಡು ಗುಂಟೆ ಹೋಯಿತು. ಈಗ ಅಲ್ಲಿ ಮೂರಂತಸ್ತಿನ ಮನೆಗಳಿವೆ. ದೊಡ್ಡಪ್ಪ ಬದುಕಿದ್ದಷ್ಟು ದಿನ ಎಡಗೈಯಲ್ಲಿ ಊಟ ಮಾಡಿದರು.

ಎಲೆಯ ಬಣ್ಣ ನೋಡಿ ಬೆಳೆಗೆ ಬಂದ ರೋಗ ಹೇಳುತ್ತಿದ್ದ ಮನುಷ್ಯ ಅವರು. ಇಂಥವರಿಗೆ 'ಅರಿವಿಲ್ಲ' ಎಂದು ಷರಾ ಬರೆಯುವುದು ಎಷ್ಟು ಸುಲಭ! ಆರೋಗ್ಯ ಇಲಾಖೆಯ ಯಾವ ಸಭೆಗೆ ಹೋದರೂ ಇದೇ ಮಾತು: ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಅವರು ಬರುವುದಿಲ್ಲ, ಬಂದರೂ ಪೂರ್ತಿ ಮಾತ್ರೆ ತಗೊಳ್ಳುವುದಿಲ್ಲ, ಜಾಗೃತಿ ಮೂಡಿಸಬೇಕು.

ಈ ಮಾತು ಎಷ್ಟು ಸುಳ್ಳು ಎಂಬುದನ್ನು ಅರವತ್ತು ವರ್ಷಕ್ಕೂ ಹಿಂದೆ ನಮ್ಮ ಪಕ್ಕದ ಜಿಲ್ಲೆಯಲ್ಲೇ ಸಾಬೀತು ಮಾಡಿದ್ದಾರೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ, 1959ರಲ್ಲಿ ಆರಂಭವಾದದ್ದು. ಅಲ್ಲಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು ತುಮಕೂರು ಜಿಲ್ಲೆಯಲ್ಲಿ ಕ್ಷಯವಿದ್ದವರ ಮನೆಗಳಿಗೆ ಹೋಗಿ ವಿಚಾರಿಸಿ, 1963ರಲ್ಲಿ ವರದಿ ಪ್ರಕಟಿಸಿದರು. ಕ್ಷಯವಿದ್ದವರಲ್ಲಿ ಬಹುಪಾಲು ಜನಕ್ಕೆ ತಮಗೇನೋ ಆಗಿದೆ ಎಂದು ಚೆನ್ನಾಗಿ ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಯಾರೂ ಕರೆಯದಿದ್ದರೂ ತಾವಾಗಿಯೇ ಆಸ್ಪತ್ರೆಗೆ ಹೋಗಿಯೂ ಇದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದೇನು? ಒಂದು ಸೀಸೆ ಕೆಮ್ಮಿನ ಔಷಧಿ. ಕಫ ಪರೀಕ್ಷೆ ಇಲ್ಲ, ಎಕ್ಸ್‌ರೇ ಇಲ್ಲ. 'ಕುಡಿ, ಹೋಗು.'

ಬಂದವನನ್ನು ಬರಿಗೈಯಲ್ಲಿ ಕಳಿಸಿ, ಅವನು ಬರಲೇ ಇಲ್ಲ ಎಂದು ಬರೆದುಕೊಂಡರು. ಮಂಡಿಯಲ್ಲಿ ತೂಕದಲ್ಲಿ ಮೋಸ ಮಾಡಿ ರೈತನ ಮಾಲಿನಲ್ಲೇ ಕಸ ಇತ್ತು ಎನ್ನುವವನಿಗೂ ಇವರಿಗೂ ಏನು ವ್ಯತ್ಯಾಸ?

ಆ ಕಾಲಕ್ಕೆ ಮಾತ್ರೆಯ ಪ್ರಶ್ನೆ ಯಾಕೆ ಇಷ್ಟು ಮುಖ್ಯವಾಯಿತು ಅನ್ನುವುದನ್ನೂ ತಿಳಿಯಬೇಕು. ಅದಕ್ಕೆ ಮೊದಲು ಕ್ಷಯ ಬಂದವನನ್ನು ಸ್ಯಾನಿಟೋರಿಯಮ್ಮಿಗೆ ಸೇರಿಸಿ ತಿಂಗಳುಗಟ್ಟಲೆ ಮಲಗಿಸುತ್ತಿದ್ದರು. ಮೈಸೂರಿನ ಸ್ಯಾನಿಟೋರಿಯಮ್ಮಿನ ಹೆಸರು ಹಿರಿಯರಿಗೆ ನೆನಪಿರಬೇಕು. ಮದರಾಸಿನಲ್ಲಿ 1956ರಿಂದ ಒಂದು ಪ್ರಯೋಗ ಮಾಡಿದರು. ಅರ್ಧ ರೋಗಿಗಳು ಸ್ಯಾನಿಟೋರಿಯಮ್ಮಿನಲ್ಲಿ, ಇನ್ನರ್ಧ ತಮ್ಮ ಮನೆಯಲ್ಲಿ, ಮಾತ್ರೆ ಮಾತ್ರ ಇಬ್ಬರಿಗೂ ಒಂದೇ. 1959ರ ಹೊತ್ತಿಗೆ ಗೊತ್ತಾಯಿತು, ಮಾತ್ರೆ ತಪ್ಪದೆ ತಗೊಂಡರೆ ಮನೆಯಲ್ಲಿದ್ದವನೂ ಅಷ್ಟೇ ಚೆನ್ನಾಗಿ ವಾಸಿಯಾಗುತ್ತಾನೆ. ಇದು ಬಡವರಿಗೆ ಬಂದ ದೊಡ್ಡ ಸ್ವಾತಂತ್ರ್ಯ, ಸುಳ್ಳಲ್ಲ. ಆದರೆ ಅಂದಿನಿಂದ ಆಸ್ಪತ್ರೆಯ ಹೊರೆ ರೋಗಿಯ ಹೆಗಲಿಗೆ ಬಂತು. ನಿತ್ಯ ತಪ್ಪದೆ ತಿಂಗಳುಗಟ್ಟಲೆ ಮಾತ್ರೆ ನುಂಗುವ ಜವಾಬ್ದಾರಿ ಅವನದು. ಅದನ್ನು ತಂದುಕೊಳ್ಳಲು ಅವನಿಗೆ ಕಾಲ, ಬಸ್ಸು, ಕೂಲಿ ಇದೆಯೇ ಎಂದು ಕೇಳುವ ಜವಾಬ್ದಾರಿ ಯಾರದೂ ಅಲ್ಲ!

ಈಗ ನಮ್ಮ ಕೃಷ್ಣರಾಜಪುರದ ಕಡೆಗೆ ಬನ್ನಿ. ದೂರದೂರಿನ ಓದುಗರು ಕೆ.ಆರ್.ಪುರ ಅಂದರೆ ತೂಗುಸೇತುವೆ, 2023ರಲ್ಲಿ ಬಂದ ಮೆಟ್ರೊ, ಕಂಪ್ಯೂಟರ್ ಕಂಪನಿಗಳು ಎಂದುಕೊಂಡಿರುತ್ತೀರಿ. ಹೌದು, ಅದೂ ಇದೆ. ಆದರೆ ಇದೇ ಬೆಂಗಳೂರು ಪೂರ್ವ ತಾಲ್ಲೂಕಿನಲ್ಲಿ ಬಿದರಹಳ್ಳಿ ಹೋಬಳಿಯೂ ಇದೆ, ಅಲ್ಲಿ ಇನ್ನೂ ರಾಗಿ ಬಿತ್ತುವವರು, ಸೊಪ್ಪು ಬೆಳೆಯುವವರು, ಡೇರಿಗೆ ಹಾಲು ಹಾಕುವವರು ಇದ್ದಾರೆ. ಹಳೇ ಮದ್ರಾಸ್ ರಸ್ತೆಯಲ್ಲಿ ಹೊಸಕೋಟೆ ಕಡೆಯಿಂದ ತರಕಾರಿ ಮೂಟೆ ಬರುವುದು ನಿಂತಿಲ್ಲ. ದೇಶದ ದೊಡ್ಡ ದೊಡ್ಡ ಆಸ್ಪತ್ರೆಗಳು ಇಲ್ಲಿಂದ ಒಂದು ಗಂಟೆಯ ದಾರಿ. ಇಷ್ಟು ಹತ್ತಿರ ಇದ್ದೂ ಒಂದು ಮಾತ್ರೆ ರೈತನ ಬಾಯಿಗೆ ತಿಂಗಳೆಲ್ಲ ತಪ್ಪದೆ ಬೀಳುವುದಿಲ್ಲ ಅಂದರೆ, ಅದಕ್ಕೆ ಕಾರಣ ದೂರವಲ್ಲ.

ಅಂಥ ಹಳ್ಳಿಯ ಒಬ್ಬ ರೈತನನ್ನು ಇಟ್ಟುಕೊಳ್ಳಿ. ನಾಲ್ಕೂವರೆ ಐದಕ್ಕೆ ಎದ್ದು ಹಾಲು ಕರೆದು ಡೇರಿಗೆ ಹಾಕಿ, ಸೊಪ್ಪು ಕಿತ್ತು ಕಟ್ಟಿ ಕಳಿಸುವಷ್ಟರಲ್ಲಿ ಬಿಸಿಲೇರುತ್ತದೆ. ಆಸ್ಪತ್ರೆ ಬಾಗಿಲು ತೆರೆಯುವುದೂ ಆ ಹೊತ್ತಿಗೇ, ತೋಟದಲ್ಲಿ ಆಳುಗಳು ಬಂದು ನಿಲ್ಲುವುದೂ ಆ ಹೊತ್ತಿಗೇ. ಸಂಜೆ ಅವನಿಗೆ ಬಿಡುವಾದಾಗ ಔಷಧಿ ಕೊಡುವ ಕಿಟಕಿ ಮುಚ್ಚಿರುತ್ತದೆ. ಹೋದ ದಿನವೂ ಚೀಟಿಗೆ ಒಂದು ಸಾಲು, ಡಾಕ್ಟರಿಗೆ ಒಂದು ಸಾಲು, ರಕ್ತ ಪರೀಕ್ಷೆಗೆ ಒಂದು, ಮಾತ್ರೆಗೆ ಒಂದು. ಕಡೆಗೆ 'ಈ ಮಾತ್ರೆ ಸ್ಟಾಕಿಲ್ಲ, ಹೊರಗೆ ತಗೊಳ್ಳಿ' ಎಂದರೆ ಮುಗಿಯಿತು. ಮಾತ್ರೆ ಪುಕ್ಕಟೆಯೇ ಇರಬಹುದು ಸ್ವಾಮಿ, ಅದನ್ನು ತರುವ ದಿನ ಪುಕ್ಕಟೆಯಲ್ಲ. ಅವನು ಮನೆ ಹತ್ತಿರದ, ರಾತ್ರಿ ಒಂಬತ್ತರವರೆಗೂ ದೀಪ ಉರಿಯುವ ಖಾಸಗಿ ಕ್ಲಿನಿಕ್ಕಿಗೆ ಹೋಗುತ್ತಾನೆ. ಅಲ್ಲಿ ಒಂದು ಇಂಜೆಕ್ಷನ್ ಚುಚ್ಚಿ ಎರಡು ದಿನದ ಮಾತ್ರೆ ಬರೆದುಕೊಡುತ್ತಾರೆ. ಅಲ್ಲಿಗೆ ಅವನ ತಿಂಗಳ ಮಾತ್ರೆಯ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ.

ನಗರದ ಅಂಚಿನ ಹಳ್ಳಿಗಳಿಗೆ ಇನ್ನೊಂದು ಕಷ್ಟ. ಒಂದು ಬೀದಿ ಪಂಚಾಯಿತಿಯದು, ಇನ್ನೊಂದು ಬೀದಿ ಪಾಲಿಕೆಯದು. ಒಂದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರ, ಇನ್ನೊಂದಕ್ಕೆ 2022ರ ಡಿಸೆಂಬರಿನಿಂದ ಬಂದ ನಮ್ಮ ಕ್ಲಿನಿಕ್. ಬಯಲು ಸೀಮೆಯಲ್ಲಿ ಮೂವತ್ತು ಸಾವಿರ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ ಲೆಕ್ಕ. ಲೇಔಟು ಎದ್ದ ಮೇಲೆ ಜನ ಎಷ್ಟಾದರು ಎಂದು ಯಾರು ಎಣಿಸುತ್ತಾರೆ? ಸೈಟಿನ ಎಣಿಕೆ ಮಾತ್ರ ಕರಾರುವಾಕ್ಕಾಗಿ ನಡೆದಿದೆ.

ಇನ್ನು ಮಾತ್ರೆ ಬಿಡುವ ಒಳಗಿನ ಕಾರಣಗಳು. ಇವನ್ನು ಜಗುಲಿಯ ಮೇಲೆ ಕೂತು ಕೇಳಬೇಕು. 'ಮಾತ್ರೆ ಉಷ್ಣ ಕಣ್ರೀ, ಹೊಟ್ಟೆ ಉರೀತದೆ.' 'ಉಚ್ಚೆ ಕೆಂಪಗೆ ಹೋಯ್ತು, ರಕ್ತಾನೇ ಅಂತ ಹೆದರಿ ಬಿಟ್ಬಿಟ್ಟೆ.' ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಎಂಬ ಔಷಧಿಯಿಂದ ಮೂತ್ರ ಕಿತ್ತಳೆ-ಕೆಂಪು ಬಣ್ಣಕ್ಕೆ ತಿರುಗುವುದು ಸಹಜ, ಭಯಪಡಬೇಕಾದ್ದಲ್ಲ. ಈ ಒಂದು ಮಾತನ್ನು ಮೊದಲ ದಿನವೇ ಹೇಳಲು ಒಂದು ನಿಮಿಷ ಸಾಕು. ಹೇಳದೆ ಉಳಿದ ಆ ಒಂದು ನಿಮಿಷಕ್ಕೆ ಎಷ್ಟು ಜನ ಮಾತ್ರೆ ಬಿಟ್ಟರೋ! ಕ್ಷಯದ ಮಾತ್ರೆ ಆರು ತಿಂಗಳು. ಎರಡು ತಿಂಗಳೊಳಗೆ ಕೆಮ್ಮು ನಿಂತು, ಹಸಿವು ಬಂದು, ಮೈ ಕೂಡುತ್ತದೆ. ಕಳೆ ಮೇಲೆ ಕಾಣದಿದ್ದರೆ ಬೇರು ಸತ್ತಿತೆಂದು ಅರ್ಥವೇ? ನಿಮಗೆ ಹೇಳಬೇಕಾಗಿಲ್ಲ. ನಡುವೆ ಬಿಟ್ಟ ರೋಗ ಮಾತ್ರೆಗೆ ಬಗ್ಗದ ರೋಗವಾಗಿ ತಿರುಗಿ ಬರುತ್ತದೆ, ಮನೆಯ ಮಕ್ಕಳಿಗೂ ಅದೇ ಹತ್ತುತ್ತದೆ.

ಸಕ್ಕರೆ ಕಾಯಿಲೆಯದು ಬೇರೆ ಕಥೆ. 'ಒಂದ್ಸಾರಿ ಶುರು ಮಾಡಿದ್ರೆ ಬಿಡೋ ಹಂಗಿಲ್ಲ, ಅದಕ್ಕೇ ಶುರು ಮಾಡಿಲ್ಲ' ಅನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಹಾಗಲಕಾಯಿ ರಸ, ಅಮೃತಬಳ್ಳಿ, ಯಾರೋ ಕೊಟ್ಟ ಪುಡಿ. ಇವು ಕುಡಿಯುವವರನ್ನು ನಾನು ಹಾಸ್ಯ ಮಾಡುವುದಿಲ್ಲ, ಆದರೆ ಮಾತ್ರೆ ಬಿಟ್ಟು ಕುಡಿಯಬೇಡಿ. ಕಾಲಿನ ಗಾಯಕ್ಕೆ ಬೆರಳು ಕತ್ತರಿಸುವ ದಿನ ಪುಡಿ ಕೊಟ್ಟವನು ಆಸ್ಪತ್ರೆ ಬಿಲ್ಲು ಕಟ್ಟಲು ಬರುವುದಿಲ್ಲ. ಇದು ಪೇಟೆಯವರ ಕಾಯಿಲೆ ಎಂದು ಕೂರುವ ಕಾಲವೂ ಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಹೊರಬಂದಾಗ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ, ಮೂರರಲ್ಲಿ ಒಬ್ಬ ವಯಸ್ಕನಿಗೆ ರಕ್ತದೊತ್ತಡ ಎಂಬ ಲೆಕ್ಕ ಬಂತು.

ಮರ್ಯಾದೆಯ ಪ್ರಶ್ನೆಯೂ ಇದೆ. ಆಶಾ ಕಾರ್ಯಕರ್ತೆ ನಮ್ಮ ಬಾಗಿಲಲ್ಲಿ ಎರಡು ಸಾರಿ ನಿಂತರೆ ಎದುರು ಮನೆಯವರು 'ಏನು ವಿಶೇಷ' ಎನ್ನುತ್ತಾರೆ. ಮದುವೆಗೆ ಬಂದ ಮಗಳಿಗೆ ಕ್ಷಯವೆಂದರೆ ಬಾಯಿಬಿಡುವವರುಂಟೆ? ಮೂರೂರಾಚೆಯ ಆಸ್ಪತ್ರೆಗೆ ಕದ್ದು ಕರೆದುಕೊಂಡು ಹೋಗುತ್ತಾರೆ, ಕದ್ದು ಹೋಗುವ ದಾರಿ ಬಹಳ ದಿನ ಸಾಗುವುದಿಲ್ಲ. ಮನೆಯ ಹೆಂಗಸರ ಮಾತ್ರೆಯಂತೂ ಕೇಳಲೇಬೇಡಿ. ದುಡ್ಡು ಬಿಗಿಯಾದಾಗ ಮೊದಲು ನಿಲ್ಲುವುದು ಅದೇ. ಹಸುವಿಗೆ ಕೆಚ್ಚಲು ಬಾವು ಬಂದರೆ ರಾತ್ರೋರಾತ್ರಿ ಪಶುವೈದ್ಯರನ್ನು ಕರೆತರುವ ನಾವು, ಹೆಂಡತಿ ಆರು ತಿಂಗಳಿಂದ 'ಸುಸ್ತು' ಅನ್ನುತ್ತಿದ್ದರೆ 'ಬಿಸಿಲಿಗೆ ಹಂಗಾಗ್ತದೆ' ಎನ್ನುತ್ತೇವೆ. ಬೇಜಾರಾದರೂ ಈ ಮಾತು ಹೇಳಲೇಬೇಕು.

ಇನ್ನೂ ಬೇಜಾರಾಗುವ ಮಾತೊಂದಿದೆ. ನಮ್ಮ ಹೊಲಕ್ಕೆ ಬರುವ ಕೂಲಿಯವನು ಮಾತ್ರೆ ತರಲು ಅರ್ಧ ದಿನ ಹೋದರೆ ನಾವು ಅರ್ಧ ಕೂಲಿ ಹಿಡಿಯುತ್ತೇವೆ. ನಾಟಿಯ ಕಾಲದಲ್ಲಿ 'ನಾಳೆ ಹೋಗು' ಎನ್ನುತ್ತೇವೆ. ಅವನ ಪಾಲಿಗೆ ನಾವೂ ಬೆಳಿಗ್ಗೆ ಒಂಬತ್ತರ ಆಸ್ಪತ್ರೆಯೇ. ಸರ್ಕಾರವನ್ನು ಬೈಯುವ ಸಂಪಾದಕೀಯದಲ್ಲಿ ಇದನ್ನು ಬಿಟ್ಟರೆ ನಮ್ಮ ಮುಖಕ್ಕೆ ನಾವೇ ಮಸಿ ಬಳಿದುಕೊಂಡಂತೆ.

ಇಷ್ಟು ಹೇಳಿದ ಮೇಲೆ ಸುಸ್ತಿದಾರನ ಪ್ರಶ್ನೆಗೆ ಮತ್ತೆ ಬರೋಣ. 2024ರ ಮಾರ್ಚಿ ಸುಮಾರಿಗೆ ದೇಶದ ಹಲವು ಕಡೆ ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಮಾತ್ರೆಗೇ ಕೊರತೆ ಬಿತ್ತು. ನೀವೇ ಸ್ಥಳೀಯವಾಗಿ ಕೊಂಡುಕೊಳ್ಳಿ ಎಂದು ಕೇಂದ್ರವು ರಾಜ್ಯಗಳಿಗೆ ಹೇಳಬೇಕಾಯಿತು. ಒಂದು ದಿನವೂ ತಪ್ಪಿಸಬೇಡ ಎಂದು ರೋಗಿಗೆ ಬೋಧನೆ ಮಾಡಿದ ಸರ್ಕಾರವೇ ತಪ್ಪಿಸಿತು. ಆಗ ಯಾವ ಗೋಡೆಗೆ ಯಾರ ಹೆಸರು ಹಚ್ಚಿದರು?

ಕೊಟ್ಟಿದ್ದನ್ನು ಕೊಟ್ಟಿಲ್ಲ ಎನ್ನಬಾರದು. ಕ್ಷಯ ರೋಗಿಯ ಊಟಕ್ಕೆಂದು 2018ರ ಏಪ್ರಿಲಿನಿಂದ ತಿಂಗಳಿಗೆ 500 ರೂಪಾಯಿ ಬ್ಯಾಂಕ್ ಖಾತೆಗೆ ಹಾಕುವ ಪದ್ಧತಿ ಬಂತು, 2024ರ ನವೆಂಬರಿನಿಂದ ಅದು 1,000 ಆಯಿತು. ಇದು ಭಿಕ್ಷೆಯಲ್ಲ, ಜಮೀನಿದ್ದವನಿಗೂ ಸಲ್ಲಬೇಕಾದ್ದು, ಸಂಕೋಚವಿಲ್ಲದೆ ಕೇಳಿ ಪಡೆಯಿರಿ. ಮನೆ ಬಾಗಿಲಿಗೇ ಹೋಗಿ ರಕ್ತದೊತ್ತಡ, ಸಕ್ಕರೆ ನೋಡುವ ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಶುರು ಮಾಡಿತು. ನೋಡಿ ಹೋದ ಮೇಲೆ ಮಾತ್ರೆ ತಿಂಗಳು ತಿಂಗಳು ಬರುತ್ತದೆಯೇ ಎಂಬುದರ ಮೇಲೆ ಅದರ ಯೋಗ್ಯತೆ ನಿಂತಿದೆ.

ನಮ್ಮ ಯಶಸ್ವಿನಿಯನ್ನೇ ತೆಗೆದುಕೊಳ್ಳಿ. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಬಂದಾಗ ವರ್ಷಕ್ಕೆ ತಲೆಗೆ 60 ರೂಪಾಯಿ. ಎಷ್ಟೋ ಮನೆಗಳನ್ನು ಅದು ಉಳಿಸಿತು. 2018ರಲ್ಲಿ ನಿಲ್ಲಿಸಿದರು, ಗಲಾಟೆಯಾದ ಮೇಲೆ 2022ರಲ್ಲಿ ಮತ್ತೆ ತಂದರು. ಆದರೆ ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ಯೋಜನೆ. ಎದೆ ಕೊಯ್ಯುವ ದಿನಕ್ಕೆ ದುಡ್ಡಿದೆ, ಎದೆ ಕೊಯ್ಯುವ ದಿನ ಬಾರದಂತೆ ತಡೆಯುವ ನಿತ್ಯದ ಮಾತ್ರೆಗೆ ಇಲ್ಲ. ಕೆರೆ ಏರಿ ಒಡೆದ ಮೇಲೆ ಪರಿಹಾರ ಕೊಡುತ್ತೇವೆ, ಏರಿಗೆ ಮಣ್ಣು ಹಾಕುವುದಿಲ್ಲ ಅಂದ ಹಾಗೆ.

ಬೆಲೆಯ ಲೆಕ್ಕದಲ್ಲೂ ಇದೇ ಕುರುಡು. ಬೆಂಬಲ ಬೆಲೆ ಗೊತ್ತು ಮಾಡುವವರು ಬೀಜ, ಗೊಬ್ಬರ, ಎತ್ತಿನ ದುಡಿಮೆ, ಮನೆಯವರ ದುಡಿಮೆಗೆ ಕೂಲಿ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಆ ದುಡಿಯುವ ಮೈಯನ್ನು ದುರಸ್ತಿಯಲ್ಲಿಡುವ ಖರ್ಚು ಎಲ್ಲಿ ಬರೆದಿದೆ? ಟ್ರ್ಯಾಕ್ಟರಿನ ಸವಕಳಿಗೆ ಲೆಕ್ಕ ಉಂಟು, ರೈತನ ಸವಕಳಿಗಿಲ್ಲ. ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ 2021-22ರಲ್ಲೂ ಶೇ. 39.4ರಷ್ಟು ಜನರ ಜೇಬಿನಿಂದಲೇ ಹೋಗಿದೆ ಎಂದು ಸರ್ಕಾರದ್ದೇ ಲೆಕ್ಕ. ಸಂಬಳದವನ ಜೇಬಿಗೆ ತಿಂಗಳಿಗೊಮ್ಮೆ ದುಡ್ಡು ಬೀಳುತ್ತದೆ, ನಮ್ಮ ಜೇಬಿಗೆ ಬೆಳೆಗೊಮ್ಮೆ. ಮಾತ್ರೆ ಮುಗಿದ ದಿನ ಕೈಯಲ್ಲಿ ಕಾಸಿಲ್ಲದಿದ್ದರೆ ಅದು ಅಲಕ್ಷ್ಯವೇ?

ನಾವೇ ಏನಾದರೂ ಮಾಡಿದ್ದುಂಟೇ ಎಂದರೆ, ಉಂಟು. ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ, ಅದು ಆಗ ಕೋಲಾರ ಜಿಲ್ಲೆ, 1973ರಲ್ಲಿ ಹಾಲು ಉತ್ಪಾದಕರ ಸಂಘದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರ ಜೊತೆ ಸೇರಿ ಆರೋಗ್ಯ ಸಹಕಾರ ಸಂಘವನ್ನೇ ಕಟ್ಟಿದರು. ಹಾಲಿನ ಲೀಟರಿಗೆ ಕೆಲವು ಪೈಸೆ ಆರೋಗ್ಯಕ್ಕೆಂದು ಎತ್ತಿಟ್ಟರು. ಹಾಲು ನಿತ್ಯ ಬರುವ ಆದಾಯ, ಮಾತ್ರೆ ನಿತ್ಯ ಬೇಕಾದ ಖರ್ಚು. ಎರಡನ್ನೂ ಗಂಟು ಹಾಕಿದ್ದು ಎಂಥ ತಲೆ ನೋಡಿ! ಅದರಲ್ಲಿ ತೊಡಕಿರಲಿಲ್ಲ ಎಂದಲ್ಲ. ಹಾಲಿನ ಆದಾಯ ಇಳಿದಾಗ ಆರೋಗ್ಯದ ಹಣವೂ ಇಳಿಯುತ್ತದೆ. ಹಸುವೇ ಇಲ್ಲದ ಕೂಲಿಯವನು ಹಾಲಿನ ಸಂಘದ ಸದಸ್ಯನಾಗುವುದು ಹೇಗೆ? ಆದರೂ ಡೇರಿಯ ಹೊತ್ತಿಗೆ, ಡೇರಿಯ ಬಳಿಯಲ್ಲಿ ಊರವರೆಲ್ಲ ದಿನಕ್ಕೆರಡು ಸಾರಿ ಸೇರುತ್ತಾರೆ ಎಂಬ ಸರಳ ಸತ್ಯ ಅವರ ಕಣ್ಣಿಗೆ ಬಿತ್ತು. ಆರೋಗ್ಯ ಇಲಾಖೆಯ ಕಣ್ಣಿಗೆ ಇನ್ನೂ ಬಿದ್ದ ಹಾಗಿಲ್ಲ.

ಆದ್ದರಿಂದ ಕೇಳಬೇಕಾದ್ದು ಬಹಳವೇನಿಲ್ಲ. ಮಾತ್ರೆಯನ್ನು ಒಂದು ಸಾರಿಗೆ ಮೂವತ್ತು ದಿನದ್ದು ಕೊಡಲಿ. ವಾರಕ್ಕೆ ಎರಡು ದಿನವಾದರೂ ಸಂಜೆ ಆರರಿಂದ ಎಂಟರವರೆಗೆ ಔಷಧಿ ಕಿಟಕಿ ತೆರೆದಿರಲಿ, ಇಲ್ಲವೇ ಬೆಳಗಿನ ಹಾಲಿನ ಹೊತ್ತಿಗೆ ಆರೋಗ್ಯ ಸಹಾಯಕಿ ಡೇರಿಗೇ ಬರಲಿ. ಸ್ಟಾಕಿಲ್ಲದ ದಿನ 'ಸ್ಟಾಕಿಲ್ಲ' ಎಂದು ಬರೆದು ಸಹಿ ಮಾಡಿ ಕೊಡಲಿ, ಬಾಯಿಮಾತು ಬೇಡ. 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಪ್ರತಿ ಊರಿಗೊಂದು ಆರೋಗ್ಯ ನೈರ್ಮಲ್ಯ ಸಮಿತಿ, ಪ್ರತಿ ಕೇಂದ್ರಕ್ಕೊಂದು ಆರೋಗ್ಯ ರಕ್ಷಾ ಸಮಿತಿ ಕಾಗದದ ಮೇಲಿವೆ. ಎಪಿಎಂಸಿ ಚುನಾವಣೆಗೆ ಎರಡೆರಡು ಬಣ ಕಟ್ಟುವ ನಮಗೆ ನಮ್ಮ ಊರಿನ ಆ ಸಮಿತಿಯಲ್ಲಿ ಯಾರಿದ್ದಾರೆ ಎಂದು ಗೊತ್ತೆ?

ಬರುವ ಗ್ರಾಮಸಭೆಗೆ ಹೋಗುವಾಗ ನಿಮ್ಮ ಮನೆಯ ಮಾತ್ರೆಯ ಚೀಟಿಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಎಷ್ಟು ದಿನಕ್ಕೆ ಕೊಟ್ಟರು, ಎಷ್ಟು ಸಾರಿ ಇಲ್ಲವೆಂದರು, ತರಲು ಎಷ್ಟು ಹೊತ್ತು ಕೂತಿರಿ, ಹೊರಗೆ ಕೊಂಡದ್ದಕ್ಕೆ ಎಷ್ಟಾಯಿತು, ಅದಕ್ಕೆ ಯಾರ ಹತ್ತಿರ ಯಾವ ಬಡ್ಡಿಗೆ ತಂದಿರಿ ಎಂದು ಬರೆದು ನಮಗೂ ಒಂದು ಪ್ರತಿ ಕಳಿಸಿ. ರೋಗಿಯ ಹೆಸರು ಬೇಡ, ಊರಿನ ಹೆಸರು ಸಾಕು. ಬಂದದ್ದನ್ನೆಲ್ಲ ಮುಂದಿನ ಸಂಚಿಕೆಯಲ್ಲಿ ಊರುವಾರು ಪಟ್ಟಿ ಮಾಡಿ, ಸೊಸೈಟಿಯವರು ಹಚ್ಚುವ ಪಟ್ಟಿಯಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುತ್ತೇವೆ.